ಬೋಜಣ್ಣನ ಕುಡ್ತೆ

"ಹಲೋ… ಹಲೋ, ಯಾರು ಮಾತಾಡುದು?…"

"ಯಾವ ಬೆನ್ನಿ?… ಹಾಂ, ಸುಂಟಿಕೊಪ್ಪದ ಬೆನ್ನಿ. ಮಝ್ರಾದಿಂದ ಮಾತಾಡುದಾ? ಸ್ವಲ್ಪ ತಡಿ ಮಾರಾಯ, ಈ ಕಿವಿಯಲ್ಲಿ ಎಂತದೂ ಕೇಳುದಿಲ್ಲ…"

ಬೋಜಣ್ಣ ಫೋನನ್ನು ಎಡಗಿವಿಯಿಂದ ಬಲಗಿವಿಗೆ ದಾಟಿಸಿದ. ಮೂವತ್ತೆಂಟು ವರ್ಷ ಕೋವಿಯ ಪಕ್ಕದಲ್ಲೇ ಬದುಕಿದವನ ಎಡಗಿವಿ ಯಾವತ್ತೋ ಸತ್ತುಹೋಗಿತ್ತು. ದುಖಾನ್ ರಸ್ತೆಯಾಚೆ ಮುದಿ ಅರಬ್ಬಿ ಯಜಮಾನರೊಬ್ಬರ ಮಝ್ರಾ ಇದೆ, ಮರಳಿನ ನಡುವೆ ಖರ್ಜೂರದ ಮರಗಳನ್ನು ಬೆಳೆಸಿ ಬೇಲಿ ಹಾಕಿದ ಜಾಗ. ಕೆಲಸದವರಿಗೆಲ್ಲ ಅವರು ಬಾಬಾ. ಹಳೆಯ ಕಾಲದ ಯುದ್ಧದ ಕೋವಿಗಳನ್ನು ಕೂಡಿಹಾಕಿ, ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನೆಂಟರಿಷ್ಟರೊಂದಿಗೆ ಗುರಿ ಹೊಡೆಯುವುದು ಅವರ ಖುಷಿ. ಆ ಕೋವಿಗಳಿಗೆ ಎಣ್ಣೆ ಹಚ್ಚಿ, ಕೈಯಾರೆ ಮದ್ದು ಅಳೆದು ತೋಟೆ ತುಂಬಿಸಿಕೊಡುವುದು ಬೋಜಣ್ಣನ ಕೆಲಸವಾಗಿತ್ತು. ಕಣ್ಣಿಗೆ ಪೊರೆ ಬಂತೆಂದು ಮೂರು ತಿಂಗಳ ಹಿಂದೆ ಅವನನ್ನು ಬಿಡಿಸಿದರು. ಊರಿಗೆ ಹೋಗುವ ಕಾಗದ ಆಗುವವರೆಗೆ ಎಂದು ಬರ್ವಾ ಅಲ್ ಬರಾಹಾದ ಕೆಲಸಗಾರರ ವಸತಿಯ ಈ ನಾಲ್ಕು ಮಂಚದ ಕೋಣೆಗೆ ತಂದು ಬಿಟ್ಟರು. ಅವನ ಜಾಗಕ್ಕೆ ಬಂದವನು ಬೆನ್ನಿ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ನಡೆಸುತ್ತಿದ್ದ ಕೊಡಗಿನವನು, ಮೂರು ಮಕ್ಕಳ ತಂದೆ.

"ಚಾ ಆಯ್ತಾ?… ನಂದು ಆಯ್ತು. ರೂಮಿನವರೆಲ್ಲ ಬಜಾರಿಗೆ ಹೋಗಿದ್ದಾರೆ. ನಾನೊಬ್ಬನೇ… ಇಲ್ಲ ಇಲ್ಲ, ಮಲಗಿರ್ಲಿಲ್ಲ, ನೀನು ಮಾತಾಡು. ಬಾಬಾ ಹೇಗಿದ್ದಾರೆ? ಮಂಡಿನೋವು ಉಂಟಾ ಈಗಲೂ?…"

"ಹಾಂ… ಹಾಂ… ನನ್ನ ಹೆಸರು ಹೇಳಿಯೇ ಕೇಳಿದ್ರಾ?… ಇನ್ನೊಮ್ಮೆ ಹೇಳು, ಸರಿ ಕೇಳಲಿಲ್ಲ…"

ಸರಿಯಾಗಿಯೇ ಕೇಳಿತ್ತು. ಇವತ್ತಿನ ಹೊಡೆತ ಚೆನ್ನಾಗಿ ನಡೆದರೆ ಬರುವ ಶುಕ್ರವಾರದಿಂದ ಬೋಜನಿಗೆ ಕಾರು ಕಳಿಸಿ ಎಂದಿದ್ದರಂತೆ ಬಾಬಾ. ಕೋವಿಯ ಕೋಣೆಯಲ್ಲಿ ಕೂತು ಬೆನ್ನಿಗೆ ನಾಲ್ಕು ಮಾತು ಹೇಳಿಕೊಟ್ಟು, ಚಾ ಕುಡಿದು, ಸಂಜೆಗೆ ವಾಪಸು ಬರಲಿ ಎಂದಿದ್ದರಂತೆ. ಊರಿಂದ ಫೋನು ಮಾಡುತ್ತಿದ್ದವಳು ಅಕ್ಕ ಪೂವಕ್ಕ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಈ ಫೋನಿಗೆ ಬರುತ್ತಿದ್ದುದು ಅವನಿಗೆ ಓದಲು ಬಾರದ ಕಂಪನಿಯ ಮೆಸೇಜುಗಳು ಮಾತ್ರ. ಅಂಥವನಿಗೆ ಈ ಮಾತು ಎರಡು ಸಲ ಕಿವಿಗೆ ಬೀಳಲಿ ಅನ್ನಿಸಿತು, ಅಷ್ಟೆ.

"ಆಗಲಿ. ಬರುವ, ಬರುವ. ಕಾರು ಗೇಟಿನ ಹತ್ತಿರ ಬಂದ್ರೆ ಸಾಕು, ನಾನು ನಿಂತಿರ್ತೇನೆ… ಇವತ್ತು ಯಾವುದು ಹೊಡೆಯುದು?… ಓ, ನಮ್ಮ ಮುದುಕನಾ?…"

ಮುದುಕನೆಂದರೆ ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸಿಪಾಯಿಗಳ ಕೋವಿ. ಒಂದು ಸಲ ಕುದುರೆ ಎಳೆದರೆ ಒಂದು ಗುಂಡು. ಹಾರಿದ ಮೇಲೆ ಖಾಲಿ ತೋಟೆಯನ್ನು ತಾನೇ ಎಸೆದು, ಮುಂದಿನದನ್ನು ತಾನೇ ಒಳಗೆ ತೆಗೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ಬಲ ಬರುವುದು ಮದ್ದಿನ ಹೊಗೆಯಿಂದಲೇ. ನಳಿಗೆಯ ತುದಿಯಲ್ಲಿ, ಅಡಿಭಾಗದಲ್ಲಿ, ಒಂದು ಸಣ್ಣ ತೂತು. ಅಲ್ಲಿಂದ ನುಗ್ಗಿದ ಹೊಗೆ ಒಂದು ಉದ್ದದ ಸಲಾಕೆಯನ್ನು ಹಿಂದಕ್ಕೆ ದೂಡುತ್ತದೆ. ಮಿಕ್ಕ ಕೋವಿಗಳಲ್ಲಿ ಆ ಕೆಲಸ ಮನುಷ್ಯನ ಕೈ ಮಾಡುತ್ತದೆ.

"ಅದಕ್ಕೇ ಹೇಳುದು ಬೆನ್ನಿ, ಬೇರೆ ಕೋವಿಗಳು ಎಂತ ಕೊಟ್ರೂ ಅರಗಿಸ್ತವೆ. ಮುದುಕನಿಗೆ ಗಂಜಿಯೇ ಆಗ್ಬೇಕು. ಮಸಾಲೆ ಹಾಕಿದ್ರೆ ಹೊಟ್ಟೆ ಕೆಡ್ತದೆ… ನಗಾಡ್ಬೇಡ, ನಿಜ ಹೇಳುದು. ತುಂಬ ಬೇಗ ಉರಿಯುವ ಮದ್ದೂ ಆಗುದಿಲ್ಲ, ನಿಧಾನಕ್ಕೆ ಉರಿಯುವುದಂತೂ ಬೇಡವೇ ಬೇಡ. ನಿಧಾನದ್ದು ತೂತಿನ ಹತ್ತಿರ ಬರುವಾಗಲೂ ಉರೀತಾ ಇರ್ತದೆ, ಸಲಾಕೆಯನ್ನು ಒದ್ದುಬಿಡ್ತದೆ…"

"ಎಷ್ಟು ತೋಟೆ ಮಾಡಿದ್ದಿ?… ಅರುವತ್ತು? ಒಬ್ಬನೇ?… ಭೇಷ್. ತೋಟೆಯ ಬುಡದ ಕೇಪು ಎಲ್ಲ ಮಟ್ಟಸ ಕೂತಿದೆ ಅಲ್ವಾ? ಬೆರಳಾಡಿಸಿ ನೋಡಿದ್ಯಾ? ಒಂದು ಉಬ್ಬಿದ್ರೂ ಸಾಕು, ಕುದುರೆ ಎಳೆಯುವ ಮೊದಲೇ ಸಿಡೀತದೆ… ಹಾಂ, ಹಾಗೆ. ನೀನು ಜಾಗ್ರತೆಯವ ಅಂತ ನಂಗೆ ಗೊತ್ತುಂಟು. ತೂಕ ಯಾವ ತಕ್ಕಡಿಯಲ್ಲಿ ನೋಡಿದ್ದು?…"

"ತಕ್ಕಡಿ ಮುಟ್ಟಲೇ ಇಲ್ವಾ? ಮತ್ತೆ?… ನನ್ನ ಕುಡ್ತೆಯಲ್ಲಾ?…"

ಹಿತ್ತಾಳೆಯ ಖಾಲಿ ತೋಟೆಯೊಂದನ್ನು ಕತ್ತರಿಸಿ, ಬಾಯಿಯನ್ನು ಅರದಿಂದ ಉಜ್ಜಿ ಉಜ್ಜಿ ತಗ್ಗಿಸಿ, ತಂತಿಯ ಹಿಡಿ ಬೆಸೆದು ಬೋಜಣ್ಣ ಮಾಡಿಕೊಂಡ ಅಳತೆಯ ಚಮಚ ಅದು. ಮನೆಯಲ್ಲಿ ಎಣ್ಣೆ ಅಳೆಯುತ್ತಿದ್ದ ಕುಡ್ತೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಡಬ್ಬಿಯ ಮೇಲಿನ ಇಂಗ್ಲಿಷು, ಯಾವ ಕೋವಿಗೆ ಎಷ್ಟು ಮದ್ದು ಎಂದು ಹೇಳುವ ಪುಸ್ತಕದ ಅಂಕೆಗಳು, ತಕ್ಕಡಿಯ ಮಿನುಗುವ ದಶಾಂಶ ಯಾವುದೂ ದಕ್ಕಿರಲಿಲ್ಲ. ಒಮ್ಮೆ ಬಲ್ಲವರಿಂದ ಮದ್ದು ತೂಗಿಸಿ ಕುಡ್ತೆಯನ್ನು ಅದಕ್ಕೆ ಸರಿಯಾಗಿ ಉಜ್ಜಿಟ್ಟ ಮೇಲೆ, ಮುಳುಗಿಸು, ಕಾರ್ಡಿನಿಂದ ಮಟ್ಟ ಸವರು, ಸುರಿ. ಇಪ್ಪತ್ತೈದು ಚಿಲ್ಲರೆ ವರ್ಷ ಒಂದು ತೋಟೆಯೂ ತಪ್ಪಲಿಲ್ಲ. ಬೋಜ ಮಾಡುತ್ತಿದ್ದ ಹಾಗೇ ಮಾಡು ಎಂದು ಬಾಬಾ ಹೇಳಿದ್ದಕ್ಕೆ ಬೆನ್ನಿ ಪುಸ್ತಕ ತಕ್ಕಡಿ ಎರಡನ್ನೂ ಪಕ್ಕಕ್ಕಿಟ್ಟು ಕುಡ್ತೆಯನ್ನೇ ಹಿಡಿದಿದ್ದ. ಕೇಳಿ ಬೋಜಣ್ಣನ ಎದೆ ಒಂದು ಗಳಿಗೆ ಹಿಗ್ಗಿತು.

"ನನ್ನ ಕುಡ್ತೆಯಲ್ಲಿ… ಒಳ್ಳೇದಾಯ್ತು ಮಾರಾಯ. ಒಂದು ಹೊಡೆದು ನೋಡಿದ್ಯಾ?… ಹಾಂ… ಜೋರಾ? ಎಷ್ಟು ಜೋರು?… ಹೆಗಲಿಗೆ ಬಡಿದದ್ದು ಇರಲಿ, ಖಾಲಿ ತೋಟೆ ಎಲ್ಲಿ ಬಿತ್ತು?…"

"ಗೋಡೆ ಹತ್ತಿರ? ಯಾವ ಗೋಡೆ?… ನೀರಿನ ಟ್ಯಾಂಕಿಯ ಗೋಡೆಯಾ?"

ಬೋಜಣ್ಣ ಮಂಚದಿಂದ ಎದ್ದು ನಿಂತ. ಬೆನ್ನಿ ಅದನ್ನು ಹೇಳಿದ್ದು ಹೆಮ್ಮೆಯಿಂದ. ಬೋಜಣ್ಣನ ತೋಟೆಗಳು ನಾಲ್ಕು ಹೆಜ್ಜೆ ಮುಂದೆ ಚಾಪೆಯ ಮೇಲೆ ಬೀಳುತ್ತಿದ್ದವು, ಹೆಕ್ಕಲು ಸುಲಭವಾಗಲಿ ಎಂದೇ ಬಾಬಾ ಅಲ್ಲಿ ಚಾಪೆ ಹಾಸಿಸಿದ್ದರು. ಟ್ಯಾಂಕಿಯ ಗೋಡೆ ಇಪ್ಪತ್ತು ಹೆಜ್ಜೆಯಾಚೆ.

"ಬೆನ್ನಿ, ನಾನು ಕೇಳಿದ್ದಕ್ಕೆ ಮಾತ್ರ ಹೇಳು. ನಾನಿಟ್ಟು ಬಂದ ಡಬ್ಬಿ ಉಂಟಾ, ಮುಗೀತಾ?… ಯಾವಾಗ?… ಹೊಸ ಡಬ್ಬಿ ಯಾರು ತಂದದ್ದು?… ಅದೇ ಅಂತ ಹೇಳಿದ್ರಾ, 'ಅದರ ಹಾಗೇ' ಅಂತ ಹೇಳಿದ್ರಾ?…"

"ಡಬ್ಬಿಯ ಹೆಸರು ಹೇಳಿದ್ರೆ ನಂಗೆ ತಿಳಿಯುದಿಲ್ಲ. ಸ್ವಲ್ಪ ಅಂಗೈಗೆ ಹಾಕು. ಹಾಕಿದ್ಯಾ?… ಈಗ ಬೆರಳಲ್ಲಿ ತಿಕ್ಕು. ಕಡ್ಡಿಯ ಹಾಗೆ ಉಂಟಾ, ಶ್ಯಾವಿಗೆ ಪುಡಿ ಮಾಡಿದ ಹಾಗೆ? ಅಲ್ಲ, ಗಸಗಸೆಯ ಹಾಗೆ ಉರುಳ್ತದಾ?…"

"ಸರಿಯಾಗಿ ನೋಡು…"

"ಗಸಗಸೆ. ಹಾಂ."

ಅವನು ಮತ್ತೆ ಕೂತ. ಗಸಗಸೆಯಂಥ ಮದ್ದು ಕುಡ್ತೆಯಲ್ಲಿ ಒತ್ತಾಗಿ ಕೂರುತ್ತದೆ, ಕಡ್ಡಿಯಂಥದ್ದರ ನಡುವೆ ಗಾಳಿ ಇರುತ್ತದೆ. ತೂಗದೆ ಸುರಿದ ಆ ಅರುವತ್ತು ತೋಟೆಗಳಲ್ಲೂ ಮದ್ದು ಹೆಚ್ಚಾಗಿತ್ತು. ಅದು ಎಷ್ಟು ನಿಧಾನಕ್ಕೆ ಉರಿಯುವಂಥದ್ದೋ ಯಾರಿಗೆ ಗೊತ್ತು. ಒಂದು ಹೊಡೆತಕ್ಕೆ ಮುದುಕ ಕೆಮ್ಮಿ ಸುಮ್ಮನಾಗಿದ್ದ. ಐದನೆಯದಕ್ಕೋ ಹತ್ತನೆಯದಕ್ಕೋ ಸಲಾಕೆ ಬಾಗುತ್ತದೆ, ಇಲ್ಲವೇ ಬಾಬಾನ ಕೆನ್ನೆಯ ಪಕ್ಕದಲ್ಲೇ ಏನಾದರೂ ಒಡೆಯುತ್ತದೆ.

"ಬೆನ್ನಿ, ನಿಮ್ಮಲ್ಲಿ ಒಂದು ಪಾವು ಅವಲಕ್ಕಿ, ಒಂದು ಪಾವು ಅಕ್ಕಿ, ಎರಡೂ ಒಂದೇ ತೂಕ ಬರ್ತದಾ?… ಹಾಂ, ಹಾಗೇ. ಆ ಕುಡ್ತೆ ಅವಲಕ್ಕಿ ಅಳೆಯುದು. ನೀನು ಅಕ್ಕಿ ಅಳೆದದ್ದು. ಇವತ್ತು ಮುದುಕನನ್ನು ಹೊಡೆಯುದು ಬೇಡ…"

"ಗೊತ್ತುಂಟು ಮಾರಾಯ, ನೆಂಟರು ಬಂದಿದ್ದಾರೆ… ಒಂದು ಹೊಡೆದದ್ದು ಸರಿ ಆಯ್ತಲ್ಲ ಅಂತ ಹೇಳ್ಬೇಡ. ಒಂದನ್ನು ಅದು ತಡ್ಕೊಂಡದ್ದು… ಉಳಿದ ಐವತ್ತೊಂಬತ್ತರದ್ದೂ ಗುಂಡು ಕಿತ್ತು ಮದ್ದು ಚೆಲ್ಲಬೇಕು. ಹೌದು, ಎಲ್ಲ…"

"ಏನು, ಬಾಬಾ ಬೈತಾರಾ? ಬೈಲಿ… ವಾಪಸು ಕಳಿಸ್ತಾರಾ? ಯಾರು ಹೇಳಿದ್ದು?…"

ಆಚೆ ಬೆನ್ನಿಯ ದನಿ ಸಣ್ಣದಾಗಿತ್ತು. ಕೆಲಸಕ್ಕೆ ಸೇರಿ ಮೂರು ತಿಂಗಳು, ಮೊದಲ ದೊಡ್ಡ ಶುಕ್ರವಾರ. ಪುಸ್ತಕ ನೋಡಲಿಲ್ಲವೇ, ತೂಗಲಿಲ್ಲವೇ ಎಂದು ಕೇಳಿದರೆ ಏನು ಹೇಳಲಿ ಎಂದು ಅವನು ಮತ್ತೆ ಮತ್ತೆ ಕೇಳಿದ. ಆ ಹೆದರಿಕೆಯ ಗುರುತು ಬೋಜಣ್ಣನಿಗೆ ಚೆನ್ನಾಗಿಯೇ ಇತ್ತು. ಅವನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದ.

"ಇದ್ದೇನೆ, ಲೈನಲ್ಲೇ ಇದ್ದೇನೆ. ಒಂದು ಹಳೇ ವಿಷಯ ಹೇಳ್ತೇನೆ ಕೇಳು. ನನ್ನ ಜೊತೆ ಮೊದಲು ರಿಚರ್ಡ್ ಅಂತ ಒಬ್ಬ ಇದ್ದ, ಕಿನ್ನಿಗೋಳಿ ಕಡೆಯವ. ಡಬ್ಬಿ ಓದುದು ಅವನು, ತುಂಬಿಸುದು ಇಬ್ಬರೂ. ಒಂದು ಗುರುವಾರ ಅವನು ಊಟಕ್ಕೆ ಹೋಗಿದ್ದಾಗ ನಾನೇ ಕೈಗೆ ಸಿಕ್ಕಿದ ಡಬ್ಬಿ ತೆಗೆದು ಮುದುಕನ ತೋಟೆಗೆ ಸುರಿದೆ. ಅದು ದೊಡ್ಡ ಕೋವಿಯ ಮದ್ದು, ನಿಧಾನದ್ದು. ಮಾರನೇ ದಿನ ಸಲಾಕೆ ಬಾಗಿ, ಕೋವಿಯ ಹಿಡಿಯ ಮರ ಸೀಳಿ, ಬಾಬಾನ ತಮ್ಮನ ಕೆನ್ನೆ ಇಷ್ಟು ಹರಿಯಿತು…"

"ಬದುಕಿದ್ರು, ಹೊಲಿಗೆ ಹಾಕಿದ್ರು. ಬಾಬಾ ನಮ್ಮಿಬ್ಬರನ್ನೂ ನಿಲ್ಲಿಸಿ ಯಾರು ತುಂಬಿಸಿದ್ದು ಅಂತ ಕೇಳಿದ್ರು. ನಾನು ನೆಲ ನೋಡಿದೆ. ಓದಲಿಕ್ಕೆ ಬರುವವನದ್ದೇ ತಪ್ಪು ಅಂತ ಆಯ್ತು… ಇಲ್ಲ, ಅವನೂ ಹೇಳಲಿಲ್ಲ. ಅವನಿಗೆ ಗೊತ್ತಿತ್ತು. ಮೂರನೇ ದಿನ ಹೊರಟ. ಹೋಗುವಾಗ ಅವನ ಹೊಸ ಚಪ್ಪಲಿ ನನ್ನ ಕೈಗೆ ಕೊಟ್ಟು, ನಿಂಗೆ ಸರಿಯಾಗ್ತದೆ ಬೋಜ ಅಂದ…"

"ಹಾಕಿದೆ ಮಾರಾಯ. ಸವೆಯುವವರೆಗೆ ಹಾಕಿದೆ."

ಕೋಣೆಯ ಏಸಿ ಒಮ್ಮೆ ನಿಂತು ಮತ್ತೆ ಹೊರಟಿತು. ಆ ಮಾತನ್ನು ಅವನು ಈವರೆಗೆ ಪೂವಕ್ಕನಿಗೂ ಹೇಳಿರಲಿಲ್ಲ.

"ಕುಡ್ತೆ ಮಾಡಿದ್ದು ಅದರ ನಂತರ. ಇನ್ನು ತಪ್ಪಬಾರದು ಅಂತ. ಆದ್ರೆ ಅದಕ್ಕೆ ಒಂದೇ ಮದ್ದು ಗೊತ್ತು ಅಂತ ನಿಂಗೆ ಹೇಳ್ಬೇಕಿತ್ತು. ಹೇಳಲಿಲ್ಲ. ಎಲ್ಲರೂ ಬೋಜನ ಕುಡ್ತೆ ಬೋಜನ ಕುಡ್ತೆ ಅಂತ ಹೇಳುದು ಕೇಳ್ಲಿಕ್ಕೆ ನಂಗೆ ಖುಷಿ ಇತ್ತು… ಇಲ್ಲ, ನೀನು ಏನೂ ಹೇಳುದು ಬೇಡ. ಬಾಬಾ ಅಲ್ಲೇ ಇದ್ದಾರಾ? ಫೋನು ಅವರಿಗೆ ಕೊಡು…"

"ಶುಕ್ರವಾರದ ಕಾರಿನದ್ದು ಇರಲಿ ಬೆನ್ನಿ. ಕೊಡು ಅಂತ ಹೇಳಿದ್ದಲ್ವಾ."

ಫೋನು ಕೈಯಿಂದ ಕೈಗೆ ಹೋಗುವ ಸದ್ದು, ನಡುವೆ ಯಾರದೋ ನಗು, ಕಾಫಿ ಲೋಟಗಳ ಕಿಣಿಕಿಣಿ. ಇನ್ನು ಬೋಜಣ್ಣ ಆಡಿದ್ದು ಅರ್ಧ ಅರಬ್ಬಿ, ಅರ್ಧ ಹಿಂದಿ. ಕನ್ನಡದಲ್ಲಿ ಹೇಳುವುದಾದರೆ ಹೀಗೆ.

"ಸಲಾಂ ಬಾಬಾ… ನಾನು ಚೆನ್ನಾಗಿದ್ದೇನೆ, ದೇವರ ದಯೆ. ಬಾಬಾ, ಇವತ್ತು ಹಳೇ ಅಮೆರಿಕನ್ ಕೋವಿ ಮುಟ್ಟಬೇಡಿ. ತೋಟೆಗಳು ಸರಿ ಇಲ್ಲ… ಬೆನ್ನಿಯದ್ದಲ್ಲ. ನನ್ನ ಅಳತೆ ತಪ್ಪು. ಅದು ಹಳೇ ಮದ್ದಿನ ಅಳತೆ, ನಾನು ಅವನಿಗೆ ಹೇಳದೆ ಬಂದೆ…"

"ಇನ್ನೊಂದುಂಟು ಬಾಬಾ. ರಿಚರ್ಡ್ ನೆನಪುಂಟಾ?… ಅವತ್ತು ತುಂಬಿಸಿದ್ದು ಅವನಲ್ಲ. ನಾನು."

ಆಚೆಯ ನಗು, ಲೋಟಗಳ ಸದ್ದು ಎಲ್ಲ ಹಾಗೇ ಕೇಳಿಸುತ್ತಿದ್ದವು. ಬಾಬಾನ ಉಸಿರು ಮಾತ್ರ ಹತ್ತಿರದಲ್ಲಿತ್ತು.

"ಹೌದು… ಗೊತ್ತಿದ್ದೇ ಸುಮ್ಮನಿದ್ದೆ… ಈಗ ಎಲ್ಲಿದ್ದಾನೋ ಗೊತ್ತಿಲ್ಲ ಬಾಬಾ. ಇಲ್ಲ, ಯಾವತ್ತೂ ವಿಚಾರಿಸಲಿಲ್ಲ…"

ಮತ್ತೆ ಕೈ ಬದಲಾಯಿತು. ಖಲಾಸ್ ಎಂದೋ ಮತ್ತೊಂದೋ, ಬಾಬಾ ಒಂದು ಮಾತು ಹೇಳಿದಂತಿತ್ತು, ಅದು ತನಗೋ ಬೆನ್ನಿಗೋ ಬೋಜಣ್ಣನಿಗೆ ತಿಳಿಯಲಿಲ್ಲ.

"ಬೆನ್ನಿಯಾ?… ಬಾಬಾ ಎಲ್ಲಿ?… ಒಳಗೆ ಹೋದ್ರಾ. ನೆಂಟರು?… ಬೇರೆ ಕೋವಿ ತೆಗೆಸಿದ್ರಾ, ಒಳ್ಳೇದಾಯ್ತು. ನಿಂಗೆ ಏನಾದ್ರೂ ಹೇಳಿದ್ರಾ?… ಹಾಂ, ಸಾಕು, ಬದುಕಿದೆ ಅಂತ ತಿಳ್ಕೋ. ಕಾರಿನ ವಿಷಯ ಏನಾದ್ರೂ… ಇಲ್ಲ ಇಲ್ಲ. ಸುಮ್ಮನೆ ಕೇಳಿದ್ದು ಮಾರಾಯ…"

"ಕುಡ್ತೆ ಎಲ್ಲುಂಟು?… ಅದನ್ನು ವೈಸಿನ ಬಾಯಿಗಿಟ್ಟು ತಿರುಗಿಸು. ಚಪ್ಪಟೆ ಮಾಡು… ನಾನೇ ಹೇಳುದು. ಇಟ್ಕೊಂಡ್ರೆ ಮತ್ತೆ ಯಾರಾದ್ರೂ ಕೈ ಹಾಕ್ತಾರೆ. ಫೋನು ಪಕ್ಕದಲ್ಲಿಡು, ನಂಗೆ ಕೇಳ್ಬೇಕು…"

ಮೇಜಿಗೆ ಬಿಗಿದ, ಇಕ್ಕುಳದಂಥ ವೈಸಿನ ಹಿಡಿ ಕಿರುಗುಟ್ಟಿತು. ಹಿತ್ತಾಳೆ ಮಡಚುವಾಗ ಹೆಚ್ಚು ಸದ್ದು ಮಾಡುವುದಿಲ್ಲ. ಬೋಜಣ್ಣ ಬಲಗಿವಿಗೆ ಫೋನನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ ಕಾದ.

"ಆಯ್ತಾ?… ಇನ್ನೊಂದು ಸುತ್ತು… ಹಾಂ. ಈಗ ಆ ಪುಸ್ತಕ ತೆಗಿ. ಮುದುಕನ ಪುಟ ಉಂಟಲ್ಲ, ಅವನಿಗೆ ಅಂತಲೇ ಬರೆದದ್ದು, ಅದನ್ನು ಓದು. ನಿಧಾನ ಓದು, ನಿಂಗೂ ಆಯ್ತು, ನಂಗೂ ಆಯ್ತು. ಅದರಲ್ಲಿ ಎಂತ ಬರೆದಿದ್ದಾರೆ ಅಂತ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದ್ದಿಲ್ಲ…"

"ಹೊತ್ತುಂಟು, ನಂಗೆ ಎಂತ ಕೆಲಸ ಉಂಟು ಇಲ್ಲಿ? ಫೋನು ಚಾರ್ಜಿಲ್ಲ ಅಂತ ಕೂಗ್ತಾ ಉಂಟು, ಕೂಗಲಿ… ಹಾಂ… ಹಾಂ… ಅಲ್ಲಿ ನಿಲ್ಸು, ಅದನ್ನು ಕನ್ನಡದಲ್ಲಿ ಹೇಳು… ಸರಿ. ಮುಂದೆ?…"

"ಮುಂದೆ ಓದು, ಕೇಳ್ತಾ ಇದ್ದೇನೆ… ಬೆನ್ನಿ?… ಹಲೋ?… ಓದು ಮಾರಾಯ, ನಾನಿಲ್ಲೇ ಇ—"