ನನ್ನ ಗಂಡ ಮಾಡದ ಖರ್ಚು

ಸಭೆಯ ಅಧ್ಯಕ್ಷರಾದ ಪಾಸ್ಟರ್ ಡ್ವೇನ್ ಅವರೇ, ನಮ್ಮೂರ ವಾರಪತ್ರಿಕೆಯ ಸಂಪಾದಕರೇ, ಇಷ್ಟು ವರ್ಷ ಊರಿನ ನಿಧನವಾರ್ತೆಗಳನ್ನೆಲ್ಲ ಅಚ್ಚು ಹಾಕಿಸಿ ಇಂದು ನಿವೃತ್ತಳಾಗುತ್ತಿರುವ ಗೆಳತಿ ಲವಾನ್ ಹೆಗ್‌ಸ್ಟಾಡ್ ಅವರೇ, ಕಾಫಿ ಆರುವ ಮೊದಲು ಈ ಹೆಂಗಸು ಮಾತು ಮುಗಿಸಿದರೆ ಸಾಕಪ್ಪಾ ಎಂದು ಕುಳಿತಿರುವ ಸಭಿಕರೇ,

ಲವಾನ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಎಂದು ನನಗೆ ಹೇಳಿದ್ದಾರೆ. ಒಳ್ಳೆಯ ಮಾತಾಡುವುದು ಮಿನೆಸೋಟದವರಾದ ನಮಗೆ ಬರುತ್ತದೆಯೇ? ಬದುಕಿರುವವರನ್ನು ನಾವು ಹೊಗಳುವುದೇ ಇಲ್ಲ. ಸತ್ತ ಮೇಲೆ ಪತ್ರಿಕೆಯಲ್ಲಿ ಅರ್ಧ ಪುಟ ಹೊಗಳುತ್ತೇವೆ. ಹುಟ್ಟಿದ ದಿನ, ಹುಟ್ಟಿದ ಊರು, ತಾಯಿಯ ತವರು ಮನೆತನ, ಸಾಕಿದ ನಾಯಿಗಳ ಹೆಸರು, ಯಾವುದನ್ನೂ ಬಿಡುವುದಿಲ್ಲ. ಬಿಟ್ಟರೆ ಹೆಂಡತಿಗೆ ಪ್ರೀತಿ ಇರಲಿಲ್ಲವೇನೋ ಎನ್ನುತ್ತಾರೆ. ಎನ್ನುವುದಿಲ್ಲವೇ? ನೀವೂ ಎಂದಿದ್ದೀರಿ, ನಾನೂ ಎಂದಿದ್ದೇನೆ.

ನನ್ನ ಗಂಡ ಆರ್ಲನ್ ಟೋಲೆಫ್ಸನ್ ನಿಮಗೆಲ್ಲ ಗೊತ್ತು. ಧಾನ್ಯದ ಗೋದಾಮಿನಲ್ಲಿ ತೂಕ ಹಾಕುತ್ತಿದ್ದ. ಹೋದ ವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡ. ನಾನು ಬರೆದುಕೊಂಡು ಹೋದ ನಿಧನವಾರ್ತೆ ಓದಿ ಲವಾನ್ ಕೇಳಿದಳು: "ಇಷ್ಟೆಲ್ಲಾ ಬೇಕಾ ಮಾರ್ಲಿಸ್? ಒಂದೊಂದು ಸಾಲಿಗೂ ದುಡ್ಡು ಕಣೇ."

"ಬೇಕು" ಅಂದೆ. "ಬದುಕಿದ್ದಾಗ ಅವನು ತನ್ನ ಬಗ್ಗೆ ಬಾಯಿ ಬಿಟ್ಟವನಲ್ಲ. ಈಗಲಾದ್ರೂ ಎಲ್ಲಾರ್ಗೂ ಗೊತ್ತಾಗ್ಲಿ."

ಎಲ್ಲರಿಗೂ ಗೊತ್ತಾಯಿತು. ಕಳ್ಳನಿಗೂ ಗೊತ್ತಾಯಿತು.

ಯಾವನೋ ಒಬ್ಬ ಆ ಅರ್ಧ ಪುಟ ಮುಂದಿಟ್ಟುಕೊಂಡು ಆರ್ಲನ್ನನ ಕ್ರೆಡಿಟ್ ಕಾರ್ಡಿನ ಕಂಪನಿಗೆ ಫೋನ್ ಮಾಡಿದ. ನಾನೇ ಆರ್ಲನ್, ಪರವೂರಿಗೆ ಬಂದಿದ್ದೇನೆ, ಕಾರ್ಡ್ ಕಳೆದುಹೋಗಿದೆ, ಹೊಸದನ್ನು ಇಲ್ಲಿಗೇ ಕಳಿಸಿ ಎಂದ. ಹುಟ್ಟಿದ ದಿನ ಕೇಳಿದರಂತೆ, ಹೇಳಿದ. ತಾಯಿಯ ತವರು ಮನೆತನ ಕೇಳಿದರಂತೆ, ಅದನ್ನೂ ಹೇಳಿದ. ಗಂಡ ಸತ್ತ ಕೂಡಲೇ ಕಾರ್ಡ್ ನಿಲ್ಲಿಸಬೇಕಿತ್ತು ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತೀರಿ. ಅವನ ಹೆಸರಿದ್ದ ಒಂದೊಂದನ್ನೇ ನಿಲ್ಲಿಸುತ್ತಾ ಬರುವುದು ಎಂಥ ಕೆಲಸ ಎಂದು ಗಂಡನನ್ನು ಕಳೆದುಕೊಂಡವರನ್ನು ಕೇಳಿ.

ಆಗಸ್ಟಿನಲ್ಲಿ ಮನೆಗೆ ಬಿಲ್ಲು ಬಂತು. ಇದು ಅವನ ಖರ್ಚಲ್ಲ ಎಂದು ಕಂಪನಿಗೆ ಫೋನ್ ಮಾಡಿದೆ. "ಕಾರ್ಡ್ ಯಾರದ್ದೋ ಅವರ ಹತ್ರಾನೇ ನಾವು ಮಾತಾಡೋದು ಮೇಡಂ. ಅವರಿಗೇ ಫೋನ್ ಕೊಡಿ" ಎಂದಿತು ಆ ಕಡೆಯ ಹುಡುಗಿ.

"ಅವರು ಚರ್ಚಿನ ಹಿಂದೆ ಮಣ್ಣಲ್ಲಿದ್ದಾರಮ್ಮಾ."

"ಹೌದಾ? ಫೋನಿಗೆ ಯಾವಾಗ ಸಿಗ್ತಾರೆ?"

ನಗಿ, ಪರವಾಗಿಲ್ಲ. ಆಗ ನನಗೆ ನಗು ಬರಲಿಲ್ಲ. ಜೀವಮಾನವೆಲ್ಲ ಯಾರಿಗೂ ಒಂದು ಡಾಲರ್ ಬಾಕಿ ಉಳಿಸಿಕೊಳ್ಳದ ಮನುಷ್ಯ ಸಾಲಗಾರನಾಗಿ ಮಣ್ಣಲ್ಲಿ ಮಲಗುವುದೇ? ಹೇಗಾದರೂ ಸರಿ, ಅವನ ಹೆಸರು ಉಳಿಸಲೇಬೇಕು ಎಂದು ಹಟ ಹಿಡಿದೆ. ಮರಣ ಪ್ರಮಾಣಪತ್ರ ಕಳಿಸಿದೆ, ಪೊಲೀಸರಿಗೆ ದೂರು ಕೊಟ್ಟೆ. ಕೊನೆಗೆ ಆ ಹುಡುಗಿಯೇ ಬಿಲ್ಲಿನ ಒಂದೊಂದು ಖರ್ಚನ್ನೂ ಓದಿ ಕೇಳಿತು.

"ಫ್ಲಾರಿಡಾದಲ್ಲಿ ಎರಡು ಟಿವಿ?"

"ಅವನಲ್ಲ."

"ಚಿನ್ನದ ಸರ?"

"ಅವನಲ್ಲ."

"ಸುಪೀರಿಯರ್ ಸರೋವರದ ದಡದಲ್ಲಿ ಹೋಟೆಲ್ ಕೋಣೆ, ಇಬ್ಬರಿಗೆ?"

"ಹೋಟೆಲ್ಲಾ? ಮನೇಲಿ ಕಾಫಿ ಇದೆಯಲ್ಲಾ ಅಂತ ದಾರೀಲಿ ಒಂದು ಲೋಟ ಕಾಫಿ ಕುಡಿಸದ ಮನುಷ್ಯ ಅವನು! ಖಂಡಿತಾ ಅವನಲ್ಲ. ಬರ್ಕೊಳ್ಳಮ್ಮಾ."

ಬರೆದುಕೊಂಡಿತು. ನಾನು ಪ್ರಮಾಣ ಮಾಡಿ ಸಹಿ ಹಾಕಿದೆ. ಕೆಲವು ದಿನಗಳಲ್ಲಿ ಕಂಪನಿ ಎಲ್ಲವನ್ನೂ ಬಿಲ್ಲಿನಿಂದ ತೆಗೆದುಹಾಕಿತು. ಸಮಾಧಿಯ ಹತ್ತಿರ ಹೋಗಿ, ಗೆದ್ದೆ ಕಣೋ ಎಂದು ಹೇಳಿ ಬಂದೆ.

ಮರುವಾರ ಒಬ್ಬ ಮುದುಕನ ಫೋನು. ಆ ಹೋಟೆಲಿನ ಮಾಲೀಕ. "ಏನಮ್ಮಾ, ಮೋಸ ಅಂತ ಹೇಳಿ ನನ್ನ ದುಡ್ಡು ವಾಪಸ್ ಕಿತ್ಕೊಂಡ್ರಲ್ಲಾ? ನಿಮ್ಮೆಜಮಾನ್ರು ಏಪ್ರಿಲ್‌ನಲ್ಲೇ ಫೋನ್ ಮಾಡಿ ಸೆಪ್ಟೆಂಬರಿಗೆ ಕೋಣೆ ಹಿಡಿದಿಟ್ರು. ಜನ ಬರೋಕೆ ಒಂದು ತಿಂಗಳು ಮುಂಚೆ ನಾವು ದುಡ್ಡು ತಗೊಳ್ಳೋದು. ನೀರು ಕಾಣೋ ಕಿಟಕಿ ಇರ್ಲಿ ಅಂದ್ರು. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ ಅಂದ್ರು."

ಏಪ್ರಿಲ್‌ನಲ್ಲಿ ಆರ್ಲನ್ ಬದುಕಿದ್ದ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. "ಹೇಗೆ ಮಾತಾಡಿದ್ರು ಅವರು?" ಎಂದು ಕೇಳಿದೆ.

"ಮಾತೆಲ್ಲಿ ಬಂತು ಮೇಡಂ? ಅರ್ಧ ಹೊತ್ತು ಫೋನ್ ಹಿಡ್ಕೊಂಡು ಸುಮ್ನಿದ್ರು."

ಅವನೇ. ಇನ್ಯಾರಾಗಲು ಸಾಧ್ಯ?

ಸಭಿಕರೇ, ಕಳ್ಳ ನನ್ನ ಗಂಡನ ಹೆಸರು ಹೇಳಿಕೊಂಡು ಎಲ್ಲರಿಗೂ ಮೋಸ ಮಾಡಿದ. ಅವನಿಗೆ ಆರ್ಲನ್ ಯಾರೋ ಏನೋ. ಆದರೆ ಆರ್ಲನ್ನನೇ ನನ್ನ ಮುಂದೆ ಬಂದು ನಿಂತಾಗ, ಇವನಲ್ಲ, ಖಂಡಿತಾ ಇವನಲ್ಲ ಎಂದು ಪ್ರಮಾಣ ಮಾಡಿದವಳು ಯಾರು? ಅವನ ಜೊತೆ ಮುದುಕಿಯಾದವಳು, ನಾನು. ಈ ಮಾತು ನನ್ನ ಮಕ್ಕಳಿಗೂ ಹೇಳಿರಲಿಲ್ಲ. ಇಲ್ಲಿ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ.

ಹೋಟೆಲಿನವನಿಗೆ ದುಡ್ಡು ಕಳಿಸಿದೆ. ಕೋಣೆ ಆಗಲೇ ಬೇರೆಯವರ ಪಾಲಾಗಿತ್ತು. ಅದೊಂದು ಖರ್ಚನ್ನು ಮೋಸದ ಲೆಕ್ಕದಿಂದ ತೆಗೆಯಿರಿ, ಅದು ಅವನದೇ ಎಂದು ಕಂಪನಿಯವರನ್ನು ಬೇಡಿಕೊಂಡೆ. "ಕೇಸ್ ಮುಗಿದಿದೆ ಮೇಡಂ, ನೀವೇ ಸಹಿ ಹಾಕಿದ್ದೀರಲ್ಲ" ಎಂದರು.

ಆಮೇಲೆ ಲವಾನ್ ಹತ್ತಿರ ಹೋದೆ. ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕೇ ಎಂದೆ.

"ಪೇಪರಿನವರು ತಪ್ಪು ಮಾಡಿದ್ರೆ ತಿದ್ದುಪಡಿ ಹಾಕ್ತೀವಿ ಮಾರ್ಲಿಸ್. ಇದ್ರಲ್ಲಿ ನಮ್ಮ ತಪ್ಪೇನಿದೆ?"

"ನಿಮ್ಮದಲ್ಲ. ನಂದು."

ಅವಳು ಕನ್ನಡಕ ಒರೆಸಿ ಹಾಕಿಕೊಂಡು ಬರೆಯಲು ಕೂತಳು. ಸಂಪಾದಕರನ್ನು ಕೇಳಲಿಲ್ಲ, ಕ್ಷಮಿಸಿ ಸಂಪಾದಕರೇ, ಸಾಲಿಗಿಷ್ಟು ಎಂದು ದುಡ್ಡೂ ತೆಗೆದುಕೊಳ್ಳಲಿಲ್ಲ. ಅವಳನ್ನು ಹೊಗಳಲು ನನ್ನ ಹತ್ತಿರ ಇರುವುದು ಇದೊಂದೇ. ಆ ವಾರ ಅಚ್ಚಾಗಿದ್ದನ್ನು ಓದಿ ಕುಳಿತುಕೊಳ್ಳುತ್ತೇನೆ. ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಲವಾನ್, ನಿನಗೆ ನನ್ನ ನಮಸ್ಕಾರ ಕಣೇ.

"ತಿದ್ದುಪಡಿ: ಆರ್ಲನ್ ಟೋಲೆಫ್ಸನ್ ಅವರ ನಿಧನವಾರ್ತೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ಸೆಪ್ಟೆಂಬರಿನಲ್ಲಿ ಅವರು ಹೆಂಡತಿಯನ್ನು ಸರೋವರ ನೋಡಲು ಕರೆದುಕೊಂಡು ಹೋಗುವವರಿದ್ದರು. ಆ ಖರ್ಚು ಅವರದೇ."