ಪೆಥೆಲಿ ಮಾವ ಸುಮ್ಮನೆ ಕೂತಿದ್ದ ಆ ಸಭೆ

ಊರ ಹಿರಿಯರೇ, ಪಾದ್ರಿಗಳೇ, ನಮ್ಮ ರೋಗಿಗಳ ದೋಣಿ ಸಂಘದ ಮಂಡಳಿಯವರೇ, ಮುಂದಿನ ಚಾಪೆಯ ಮೇಲೆ ಕೂತಿರುವ, ಪೆಥೆಲಿ ಮಾವನವರ ಮಡದಿ ಮೇರೆ ಅತ್ತೆ, ಮಕ್ಕಳೇ — ಎಲ್ಲರಿಗೂ ನಮಸ್ಕಾರ. ಸಂಘದ ಪರವಾಗಿ ಮಾತಾಡು ಲಿತಿಯಾ ಅಂದಿದ್ದಾರೆ. ಏನಂತ ಮಾತಾಡಲಿ? ಪೆಥೆಲಿ ಮಾವನವರು ಇದ್ದಾಗ ಆಡಬೇಕಾದ ಮಾತನ್ನೇ ನಾನು ಆಡಲಿಲ್ಲ.

ರಾಜಧಾನಿ ಸುವಾದಿಂದ ಬಂದು ಸಂಘದ ನಿರ್ದೇಶಕಿಯಾಗಿ ನನಗೆ ಎಂಟು ತಿಂಗಳು. "ಹೊಸಬಳು ನೀನು, ಮೊದಲು ಮಂಡಳಿಯ ಒಬ್ಬೊಬ್ಬರ ಮನೆಗೂ ಹೋಗಿ ಬಾ" ಅಂತ ಅಧ್ಯಕ್ಷರು ಹೇಳಿದ್ದರು. ಏಳು ಜನ. ಆರು ಮನೆಗೆ ಹೋದೆ. ಏಳನೆಯವರು ಮಾವ, ಅವರ ಮನೆ ಆಚೆ ದ್ವೀಪದಲ್ಲಿ. ಅದಕ್ಕೇ ಫೋನ್ ಮಾಡಿದೆ. ನಕ್ಕುಬಿಟ್ಟರು. "ಫೋನಲ್ಲಿ ಮುಖ ಕಾಣುತ್ತೇನಮ್ಮಾ? ಕಾವಾ ಬೇರು ತಗೊಂಡು ಬಾ, ಕುಟ್ಟಿ ನೀರಲ್ಲಿ ಕಲಸಿ ಒಟ್ಟಿಗೆ ಕುಡಿಯೋಣ. ಚಾಪೆ ಹಾಸಿರ್ತೀನಿ."

ಬೇರು ತಂದೆ. ಇಷ್ಟು ದಪ್ಪ ಕಟ್ಟು. ಪೇಪರಲ್ಲಿ ಸುತ್ತಿ ಕಚೇರಿಯ ಬೀರು ಮೇಲಿಟ್ಟೆ. ಮುಂದಿನ ವಾರ ಹೋಗೋಣ — ಮುಂದಿನ ವಾರ — ಹಾಗೇ ಆಯಿತು.

ಅಷ್ಟರಲ್ಲಿ ಮಂಡಳಿಯ ಸಭೆ ಬಂತು. ಹಳೇ ದೋಣಿಯನ್ನು ಉತ್ತರದ ದ್ವೀಪದವರಿಗೆ ಕೊಟ್ಟುಬಿಡೋಣ, ಗುರುವಾರ ರೋಗಿಗಳನ್ನು ಕರೆತರಲು ಮಾವನವರ ದ್ವೀಪಕ್ಕೆ ಹೋಗುವುದನ್ನು ನಿಲ್ಲಿಸೋಣ ಅಂತ ನಾನೇ ಮುಂದಿಟ್ಟೆ. ಯಾರದಾದರೂ ಆಕ್ಷೇಪಣೆ? ಮಾವ ತಲೆ ತಗ್ಗಿಸಿ ಹೀಗೆ — ಹೀಗೆ ಚಾಪೆಯ ಅಂಚು ಸವರುತ್ತಾ ಕೂತಿದ್ದರು. "ಆಕ್ಷೇಪಣೆ ಇಲ್ಲ" ಅಂತ ಕಾರ್ಯದರ್ಶಿಗಳಿಂದ ಬರೆಸಿದೆ.

ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಂದರು: "ಮಗಳೇ, ಇನ್ನೂ ಬರಲೇ ಇಲ್ವಲ್ಲ. ಬೇರಿಗೆ ಹುಳ ಬಿದ್ದೀತು ನೋಡು."

ನಾನು ನಕ್ಕೆ. ನಕ್ಕೆ ಸ್ವಾಮಿ! ನಾನೇನು ಪರದೇಶದವಳೇ? ನಮ್ಮ ಹಿರಿಯರು ನಾಲ್ಕು ಜನರೆದುರು ಬೇಡ ಅನ್ನುವುದಿಲ್ಲ, ಚಾಪೆಯ ಮೇಲೆ ಕೂತು ಕಾವಾ ಬಟ್ಟಲು ಒಂದು ಸುತ್ತು ಬಂದ ಮೇಲೆ ಹೇಳುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ್ದೇ?

ಮೂರು ವಾರಕ್ಕೆ ಮಾವ ನಿದ್ದೆಯಲ್ಲೇ ಹೋದರು. ನಿನ್ನೆ ಆ ಕಟ್ಟನ್ನೇ ಒಯ್ದು ಅವರ ಶವಪೆಟ್ಟಿಗೆಯ ಮುಂದಿಟ್ಟೆ. ಪರಿಚಯಕ್ಕೆ ಅಂತ ತಂದ ಬೇರು. ಮೇರೆ ಅತ್ತೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ದೋಣಿ ಕೊಡಬೇಡ ಅನ್ನಬೇಕಿತ್ತಮ್ಮ ಅವರಿಗೆ. ಹೊಸ ಹುಡುಗಿ, ಎಲ್ಲರೆದುರು ಅವಳ ಮಾತು ಬೀಳಬಾರದು ಅಂತ ಸುಮ್ಮನಿದ್ದರು. ಪ್ರತಿ ಶನಿವಾರ ಚಾಪೆ ಹಾಸಿ ದಾರಿ ನೋಡೋರು."

ದೋಣಿ ಹೋಗಿಯಾಗಿದೆ. ವಾಪಸು ಕೊಡ್ತೀರಾ ಅಂತ ಉತ್ತರದವರನ್ನು ಕೇಳಿದೆ. ಅದರಲ್ಲಿ ಈಗ ಅವರ ರೋಗಿಗಳು ಬರುತ್ತಿದ್ದಾರೆ, ಹೇಗೆ ಕಿತ್ತುಕೊಳ್ಳಲಿ? ಅತ್ತೆ, ಗುರುವಾರ ನಿಮ್ಮ ಜನ ದಡದಲ್ಲಿ ಕಾದರೆ ಏನು ಹೇಳಲಿ?

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾವನಿಗಾಗಿ ಎರಡು ನಿಮಿಷ ಸುಮ್ಮನಿರೋಣ. ಕಾರ್ಯದರ್ಶಿಗಳೇ — ಪೆನ್ನು ಕೆಳಗಿಡಿ. ಈ ಮೌನವನ್ನಾದರೂ ಒಪ್ಪಿಗೆ ಅಂತ ಬರೆದುಕೊಳ್ಳುವುದು ಬೇಡ.