ಎರಡು ಸಲ ಹೇಳುವ ಯಾಕೂಬಣ್ಣ

ಇಂದಿನ ಸಮಾರಂಭದ ಅಧ್ಯಕ್ಷರಾದ ಮಾನ್ಯ ಮಾಲಿಂಗಪ್ಪ ಗುರುಗಳೇ, ವೇದಿಕೆಯ ಮೇಲೆ ಒತ್ತೊತ್ತಾಗಿ ಕುಳಿತಿರುವ ಗಣ್ಯರೇ, ಸನ್ಮಾನದ ಶಾಲು ಹೊದ್ದು ಒಂದೇ ಸಮನೆ ಬೆವರುತ್ತಿರುವ ನಮ್ಮ ಯಾಕೂಬಣ್ಣನವರೇ, ಮೂಡಲಗಿ ಓದುಗರ ಬಳಗದ ಪದಾಧಿಕಾರಿಗಳೇ, ಗೋಕಾಕ, ಹುಕ್ಕೇರಿಗಳಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ಅಕ್ಕ ತಂಗಿಯರೇ, ಹಾಗೂ ನೆಚ್ಚಿನ ಸಭಿಕರೇ.

ನಿರೂಪಕರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನನ್ನ ಹೆಸರು ಉದ್ದಪ್ಪ. ಹೆಸರಿಟ್ಟ ಹಿರಿಯರ ಮರ್ಯಾದೆ ಉಳಿಸಬೇಕಲ್ಲ, ಆದ್ದರಿಂದ ಸ್ವಲ್ಪ ಹೆಚ್ಚಾದರೆ ಹೊಟ್ಟೆಗೆ ಹಾಕಿಕೊಳ್ಳಿ. "ಯಾಕೂಬಣ್ಣನ ಬಗ್ಗೆ ಮಾತಾಡ್ರಿ, ನಿಮ್ಮ ಪುಸ್ತಕದ ಬಗ್ಗೆ ಬ್ಯಾಡ್ರಿ" ಎಂದು ಅವರು ಕಿವಿಯಲ್ಲಿ ಹೇಳಿದ್ದೂ ಉಂಟು. ಆದರೆ ಪುಸ್ತಕ ಬಿಟ್ಟು ನಾನು ಯಾಕೂಬಣ್ಣನ ಮಾತು ಹೇಗೆ ಆಡಲಿ? ಯಾಕೂಬಣ್ಣನನ್ನು ಬಿಟ್ಟು ನನ್ನ ಪುಸ್ತಕದ ಮಾತನ್ನಂತೂ ಈ ಸೀಮೆಯಲ್ಲಿ ಈಗ ಯಾರೂ ಆಡುವುದಿಲ್ಲ. ಅದು ನನಗೆ ಸಂತೋಷದ ವಿಷಯವೋ, ಸಂಕಟದ ವಿಷಯವೋ? ಇಂದು ಸಂಜೆಯೊಳಗೆ ಬೆಂಗಳೂರಿನ ಒಂದು ಆಡಿಯೋ ಪುಸ್ತಕದ ಕಂಪನಿಗೆ ನಾನು ಹೌದು ಅಥವಾ ಇಲ್ಲ ಎಂದು ಹೇಳಬೇಕಾಗಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೊರಗಿನವರಿಗಾಗಿ ಸ್ವಲ್ಪ ಹೇಳಬೇಕು. ಯಾಕೂಬಣ್ಣ ಅಂದರೆ ನಮ್ಮ ಊರಿನ ದನಿ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಮೂಡಲಗಿಯಿಂದ ಅಂಕಲಗಿಯವರೆಗೆ ಸೀರೆ ಸೇಲು, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೂಗಿದವರು ಅವರೇ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ತಿಳಿಸುವವರೂ ಅವರೇ. ಅದಕ್ಕೆ ಒಂದು ಪದ್ಧತಿ ಇದೆ. ಸಾವಿನ ಸುದ್ದಿ ಬೆಳಗಿನ ಹೊತ್ತು, ವ್ಯಾಪಾರದ ಸುದ್ದಿ ಬಿಸಿಲು ಏರಿದ ಮೇಲೆ. ಸಾವಾದರೆ ಆಟೋದ ಮುಂದೆ ತೀರಿಕೊಂಡವರ ಫೋಟೋ, ಫೋಟೋಕ್ಕೆ ಹಾರ. ಇನ್ನೊಂದು ಪದ್ಧತಿ ಎಂದರೆ ಮುಖ್ಯವಾದ ಮಾತನ್ನು ಎರಡು ಸಲ ಹೇಳುವುದು. ಆಟೋ ಮುಂದೆ ಹೋಗುತ್ತಿರುತ್ತದೆ, ಮೊದಲ ಸಲ ಕೇಳದ ಮನೆಗೆ ಎರಡನೆಯ ಸಲ ಕೇಳಲಿ ಎಂದು. ಇದು ನಮಗೆಲ್ಲ ಗೊತ್ತಿರುವುದೇ. ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಏನು ಮಾಡಿದೆ, ಕೇಳಿ.

ನಾನು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಗುಮಾಸ್ತನಾಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬಂದು, ಬಸ್ಸಿನಲ್ಲೇ ಕುಳಿತು ಒಂದು ಕಾದಂಬರಿ ಬರೆದೆ. ಹೆಸರು 'ಅರಭಾವಿಯ ಬಸ್ಸು'. ತವರಿಗೆ ಹೋಗಬೇಕೆಂದು ದಿನಾ ಚೀಲ ಹಿಡಿದು ಸ್ಟಾಪಿಗೆ ಬಂದು, ಬಸ್ಸು ಹತ್ತದೆ ಮನೆಗೆ ತಿರುಗುವ ಕೆಂಚವ್ವ ಎಂಬ ಹೆಣ್ಣುಮಗಳ ಕಥೆ. ಪ್ರಕಾಶಕರಿಗೆ ಕಳಿಸಿದೆ. ಇಬ್ಬರು ಉತ್ತರವನ್ನೇ ಬರೆಯಲಿಲ್ಲ. ಮೂರನೆಯವರು "ಭಾಷೆ ಚೆನ್ನಾಗಿದೆ, ಬಸ್ಸು ಜಾಸ್ತಿಯಾಯಿತು" ಎಂದರು. ನಿವೃತ್ತಿಯಾದ ಮೇಲೆ ನಾನೇ ಸಂಕೇಶ್ವರದಲ್ಲಿ ಅಚ್ಚು ಹಾಕಿಸಿದೆ. ಲೇಖಕನೂ ನಾನೇ, ಪ್ರಕಾಶಕನೂ ನಾನೇ, ಗಂಟು ಹೊರುವ ಹಮಾಲನೂ ನಾನೇ. ಹುಕ್ಕೇರಿಯ ಒಂದು ಅಂಗಡಿಯವರು ದೊಡ್ಡ ಮನಸ್ಸು ಮಾಡಿ ಕೆಲವು ಪ್ರತಿ ಇಟ್ಟುಕೊಂಡರು. ಮುಂದಿನ ಸಲ ಹೋದಾಗ ನೋಡಿದರೆ ಅವುಗಳ ಮೇಲೆ ಟೇಬಲ್ ಫ್ಯಾನ್ ಕುಳಿತಿತ್ತು. ಉಳಿದವು ನಮ್ಮ ಮಂಚದ ಕೆಳಗೆ. ನಮ್ಮ ಮನೆಯವರು ಸುಮನ, ಅಗೋ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. "ಕಸಾ ಹೊಡ್ಯಾಕ ಜಾಗಾ ಇಲ್ಲ, ನಿಮ್ಮ ಕೆಂಚವ್ವನ್ನ ಎಲ್ಲಿಗರ ಕಳಸ್ರಿ" ಎಂದು ಇವರು ದಿನಾ ಹೇಳುತ್ತಿದ್ದರು.

ಹಾಗಾಗಿ ಪ್ರಚಾರ ಮಾಡಬೇಕೆಂದು ಹೊರಟೆ. ಯಾಕೂಬಣ್ಣನ ಆಟೋ ಗೊತ್ತುಮಾಡಿದೆ. ನನ್ನ ದೊಡ್ಡ ಫೋಟೋದ ಫ್ಲೆಕ್ಸ್ ಮಾಡಿಸಿ ಆಟೋದ ಮುಂದೆ ಕಟ್ಟಿಸಿದೆ. ಜನ ಹೊಲಕ್ಕೆ ಹೋಗುವ ಮೊದಲೇ ಸುದ್ದಿ ಮುಟ್ಟಲಿ ಎಂದು ಬೆಳಿಗ್ಗೆಯೇ ಹೊರಡಿಸಿದೆ. ಇಷ್ಟು ಸಾಲದೆಂದು, ಪುಸ್ತಕದ ಮೊದಲ ಪ್ರಯಾಣ, ಶುಭವಾಗಲಿ ಎಂದು ಚೆಂಡುಹೂವಿನ ಹಾರ ತಂದೆ. ಯಾಕೂಬಣ್ಣ ಕೈ ಅಡ್ಡ ಹಿಡಿದರು. "ಸಾಹೇಬ್ರ, ಹಾರ ಬ್ಯಾಡ್ರಿ. ಮುಂಜಾನಿ ಬ್ಯಾರೆ." ನಾನು ಕೇಳಬೇಕಲ್ಲ! "ಒಳ್ಳೆ ಕೆಲಸಕ್ಕ ಹೊಂಟಾಗ ಅಪಶಕುನ ಮಾತಾಡಬ್ಯಾಡ ಯಾಕೂಬಣ್ಣ" ಎಂದು ಗದರಿಸಿ, ನನ್ನ ಕೈಯಾರೆ ನನ್ನ ಫೋಟೋಕ್ಕೆ ಹಾರ ಹಾಕಿ, ಮನೆಗೆ ಬಂದು ಸ್ನಾನಕ್ಕೆ ಕುಳಿತೆ.

ಪ್ರಕಟಣೆಯನ್ನೂ ನಾನೇ ಬರೆದಿದ್ದೆ. "ಅರಭಾವಿ ಕಾಲೇಜಿನ ನಿವೃತ್ತ ಗುಮಾಸ್ತರಾದ ಶ್ರೀ ಉದ್ದಪ್ಪನವರ..." ಎಂದು ಅದು ಶುರುವಾಗುತ್ತಿತ್ತು. ಆ ದನಿ, ಆ ಹೊತ್ತು, ಆ ಹಾರ. ಮುಂದಿನ ಮಾತನ್ನು ಕೇಳಲು ಯಾರು ನಿಲ್ಲುತ್ತಾರೆ?

ನಾನು ಮೈಗೆ ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಅಂಗಳ ತುಂಬಿತ್ತು. ಸುಮನ ನೀರಿಗೆ ಹೋಗಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಚ್ಚಲಿನ ಕಿಟಕಿಯಿಂದ ನನಗೆ ಕೇಳಿದ ದನಿ ನನ್ನ ಜೊತೆ ಕೆಲಸ ಮಾಡಿದ ಭೀಮರಾಯನದು. "ಒಳ್ಳೆ ಮನಷ್ಯಾರಿ. ಒಂದ ಫೈಲ್ ಕಳೀಲಿಲ್ಲ. ರಜಾ ಅರ್ಜಿ ಅಂತೂ ಅಷ್ಟ ಚಂದ ಬರೀತಿದ್ದ." ಇನ್ನೊಬ್ಬರು, "ಏನೋ ಪುಸ್ತಕಾನೂ ಬರದಿದ್ನಂತಲ್ಲ?" ಎಂದರು. "ಹೌದಂತ. ಯಾರ್ ಓದ್ಯಾರ್ರಿ" ಎಂದ ಭೀಮರಾಯ.

ಸಭಿಕರೇ, ತನ್ನ ಶ್ರದ್ಧಾಂಜಲಿಯನ್ನು ಸೋಪು ಹಚ್ಚಿಕೊಂಡು ಕೇಳುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ? ನಾನು ಪಂಚೆ ಸುತ್ತಿಕೊಂಡು ಹೊರಗೆ ಬಂದಾಗ ಒಬ್ಬರು ಚೀರಿದರು, ಉಳಿದವರು ನಕ್ಕರು, ನಾನೂ ನಕ್ಕೆ. ಸುಮನ ಎಲ್ಲರಿಗೂ ಚಹಾ ಕಾಯಿಸಿದರು. ಅಂಕಲಗಿಯಿಂದ ನಮ್ಮ ಅಕ್ಕ ಗುಡ್ಡವ್ವ ಟೆಂಪೋದಲ್ಲಿ ಎದೆ ಬಡಿದುಕೊಳ್ಳುತ್ತ ಬಂದಳು. ನನ್ನನ್ನು ಕಂಡವಳೇ ಬೆನ್ನಿಗೆ ಎರಡು ಬಿಟ್ಟಳು. "ಸತ್ತೀಯಂತ ಅತ್ಕೋಂತ ಬಂದೇನಿ, ಚಾ ಕುಡಕೋಂತ ಕುಂತೀಯಲ್ಲೋ ಮೂಳಾ!" ಆಮೇಲೆ ನನ್ನ ತಲೆ ಹಿಡಿದುಕೊಂಡು ಮತ್ತೊಮ್ಮೆ ಅತ್ತಳು. ಇದೆಲ್ಲ ನಗುವ ವಿಷಯವೇ. ಆದರೆ ಭೀಮರಾಯನ ಆ ಮಾತು ನನಗೆ ಬಹಳ ನೋವು ಮಾಡಿತು. ನಾನು ಹೋದ ದಿನ ರಜಾ ಅರ್ಜಿ ಬರೆಯುತ್ತಿದ್ದವನು ಎಂದಷ್ಟೇ ಉಳಿಯುತ್ತೇನೆಯೇ? ಭೀಮರಾಯ ಇಲ್ಲೇ ಇದ್ದಾನೆ, ಅವನ ಮೇಲೆ ಸಿಟ್ಟಿಲ್ಲ. ಸ್ವಲ್ಪ ಇದೆ.

ಜನ ಹೋದ ಮೇಲೆ ಯಾಕೂಬಣ್ಣ ಬಂದರು. ಹಾರ ತೆಗೆದು ಚೀಲದಲ್ಲಿ ಮುಚ್ಚಿಟ್ಟುಕೊಂಡಿದ್ದರು. ನಾನು ಬೈಯುತ್ತೇನೆಂದು ಕಾದರು. ಬೈಯಲು ನನಗೆ ಯಾವ ಬಾಯಿ ಇತ್ತು? ಕೊನೆಗೆ ಅವರೇ, "ಒಂದ ಪುಸ್ತಕಾ ಕೊಡ್ರಿ ಸಾಹೇಬ್ರ. ಏನೈತಿ ಅಂತ ಗೊತ್ತಿಲ್ಲದ ಹಂಗ ಕೂಗಿದೆ, ಅದು ತಪ್ಪ" ಎಂದರು. ಕೊಟ್ಟೆ. ಒಂದು ವಾರದ ನಂತರ ಬಾಗಿಲಲ್ಲಿ ನಿಂತು ಜಗಳಕ್ಕೇ ಬಂದರು. "ಕೆಂಚವ್ವನ್ನ ಬಸ್ ಹತ್ತಸಬೇಕಿತ್ರಿ ನೀವು. ಎಷ್ಟ ಸಲ ಸ್ಟಾಪಿಗೆ ಬರಬೇಕ್ರಿ ಪಾಪ ಆಕಿ? ನನಗ ಊಟ ಸೇರವಲ್ದು." ನನ್ನ ಕಥೆಗಾಗಿ ನನ್ನೊಡನೆ ಜಗಳ ಮಾಡಿದ ಮೊದಲ ಮನುಷ್ಯ ಯಾಕೂಬಣ್ಣ. ಅಂದು ನನಗೆ ಆದ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಸುಮನ, ಕ್ಷಮಿಸಬೇಕು.

"ಹಂಗಾರ ಇದನ್ನ ನೀನ ಓದು, ಮಂದಿ ಕೇಳ್ಲಿ" ಎಂದೆ ನಾನು. ಆಡಿಯೋ ಪುಸ್ತಕ ಎಂಬುದು ಹಾಗೆ ಶುರುವಾಯಿತು. ಅವರ ಮಗಳು ಸಾಹಿರಾ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾರೆ, ರೆಕಾರ್ಡಿಂಗ್ ಅವರದೇ. ಸ್ಟುಡಿಯೋ ಎಲ್ಲಿತ್ತು? ಅದೇ ಆಟೋ. ಹೊರಗಿನ ಸದ್ದು ಬರಬಾರದೆಂದು ಸುತ್ತ ನಮ್ಮ ಮನೆಯ, ಅವರ ಮನೆಯ ಹೊದೆಯುವ ಕೌದಿಗಳನ್ನೆಲ್ಲ ಇಳಿಬಿಟ್ಟು, ಒಳಗೆ ಯಾಕೂಬಣ್ಣ, ಸಾಹಿರಾ, ಫೋನು. ಹೊರಗೆ ಕೋಳಿ ಓಡಿಸಲು ನಾನು. ಅಜಾನ್ ಆದಾಗ ನಿಲ್ಲಿಸುವುದು, ಬೆವರು ಒರೆಸಿಕೊಂಡು ಮತ್ತೆ ಶುರುಮಾಡುವುದು.

ಮೊದಲ ದಿನ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ನಾನು ಬರೆದದ್ದು, "ಬಸ್ಸು ಬಂತು. ಕೆಂಚವ್ವ ಹತ್ತಲಿಲ್ಲ." ಯಾಕೂಬಣ್ಣ ಓದಿದ್ದು, "ಬಸ್ ಬಂತ್ರಿ. ಕೆಂಚವ್ವ ಹತ್ತಲಿಲ್ಲ. ಕೆಂಚವ್ವ ಹತ್ತಲಿಲ್ಲ." ಜನಕ್ಕೆ ಹೇಳುವಾಗ 'ರಿ' ಅನ್ನದೆ ಇರಲು ಅವರಿಗೆ ಆಗುವುದಿಲ್ಲ. ಮನಸ್ಸಿಗೆ ತಾಕಿದ ಮಾತನ್ನು ಒಂದೇ ಸಲ ಹೇಳಿ ಬಿಡಲೂ ಆಗುವುದಿಲ್ಲ. ನಾನು ಎಷ್ಟು ತಿದ್ದಿದೆ! ಒಂದು ಪುಟ ಸರಿಯಾಗಿ ಓದುತ್ತಿದ್ದರು, ಮುಂದಿನ ಪುಟದಲ್ಲಿ ಮತ್ತೆ ಶುರು. ಕೊನೆಗೆ ಸಾಹಿರಾ, "ಸರ್, ಅಬ್ಬಾ ಹಿಂಗ ಓದಿದ್ರನ ಖರೇ ಅನ್ನಸ್ತೈತ್ರಿ, ಬಿಡ್ರಿ" ಎಂದರು. ಬಿಟ್ಟೆ. ಯೂಟ್ಯೂಬಿಗೆ ಹಾಕಿದರು. ಅಲ್ಲಿಂದ ವಾಟ್ಸಾಪಿಗೆ ಹೋಯಿತು, ಹಿಟ್ಟಿನ ಗಿರಣಿಗೆ ಹೋಯಿತು, ಕಬ್ಬು ಕಡಿಯುವವರ ಜೇಬಿಗೆ ಹೋಯಿತು.

ಒಂದು ದಿನ ಹುಕ್ಕೇರಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದೇ ರೆಕಾರ್ಡಿಂಗ್ ಹಚ್ಚಿದ್ದರು. ಬಾಗೇವಾಡಿ ಕಡೆಯ ಇಬ್ಬರು ಹೆಣ್ಣುಮಕ್ಕಳು ಚಹಾ ಆರಿದ್ದೂ ತಿಳಿಯದೆ ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಇದನ್ನ ಬರದಾಂವ ನಾನ" ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸುಳ್ಳ ಯಾಕ ಹೇಳ್ತೀರಿ ಕಾಕಾ? ಇದು ಯಾಕೂಬಣ್ಣನ ಕಥಿ." ನನಗೆ ಹೊಟ್ಟೆ ಉರಿಯಿತು. ಇವರ ಮುಂದೆಯೇ ಹೇಳುತ್ತೇನೆ, ಚೆನ್ನಾಗಿ ಉರಿಯಿತು.

ಆ ಉರಿ ಆರುವ ಮೊದಲೇ ಬೆಂಗಳೂರಿನ ಕಂಪನಿಯ ಮೇಡಂ ಫೋನ್ ಮಾಡಿದರು. "ಸರ್, ಕಥೆ ತುಂಬಾ ಚೆನ್ನಾಗಿದೆ. ನಮ್ಮ ಆ್ಯಪ್‌ಗೆ ತಗೋತೀವಿ. ಆದ್ರೆ ವಾಯ್ಸ್ ಬದಲಾಯಿಸೋಣ. ಆ 'ರಿ' ತೆಗೆದು, ಎರಡೆರಡು ಸಲ ಬರೋದನ್ನ ಕಟ್ ಮಾಡಿ, ಸ್ಟುಡಿಯೋದಲ್ಲಿ ನೀಟಾಗಿ ಮಾಡೋಣ. ನಿಮ್ಮ ಹಳೇ ರೆಕಾರ್ಡಿಂಗ್ ಮಾತ್ರ ತೆಗೆದುಬಿಡಿ." ನನ್ನ ಹೆಸರು ದೊಡ್ಡದಾಗಿ ಬರುತ್ತದೆ, ಫೋಟೋ ಬರುತ್ತದೆ, ಹಾರವಿಲ್ಲದ ಫೋಟೋ. ಆಮೇಲೆ ಯಾವ ಚಹಾದಂಗಡಿಯವನೂ ನನ್ನನ್ನು ಸುಳ್ಳ ಎನ್ನುವುದಿಲ್ಲ. ಆಸೆಯಾಯಿತು. ಹೌದು ಎನ್ನಬೇಕೆಂದೇ ಇದ್ದೆ.

ನಿನ್ನೆ ಯಾಕೂಬಣ್ಣನಿಗೆ ಹೇಳಲು ಹೋದೆ. ಈಗ ಸಾವಿನ ಸುದ್ದಿಯೂ ವಾಟ್ಸಾಪಿನಲ್ಲೇ ಬರುವುದರಿಂದ ಆಟೋ ಬಹಳಷ್ಟು ದಿನ ನಿಂತೇ ಇರುತ್ತದೆ. ಕಥೆ ಕೇಳಿದವರು ದಾರಿಯಲ್ಲಿ ತಡೆದು ಮಾತಾಡಿಸುತ್ತಾರೆ, ಅದೇ ಅವರಿಗೆ ಈಗ ದೊಡ್ಡ ಸಂತೋಷ. ಅದು ನನಗೆ ಗೊತ್ತಿದ್ದೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಕಥಿರಿ ಸಾಹೇಬ್ರ. ಛಲೋ ದನಿ ಸಿಕ್ರ ಛಲೋನ ಆತಲ್ರಿ" ಎಂದು ಕೌದಿ ಮಡಿಚತೊಡಗಿದರು. ಸುಮನ ಹೊಲಿದ ಕೌದಿಯನ್ನು ಬೇರೆ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಒಂದೇ ಒಂದು ಮಾತು ಕೇಳಿದರು. "ಅವರು ಎರಡ ಸಲ ಹೇಳ್ತಾರೇನ್ರಿ?" ಇಲ್ಲ ಎಂದೆ. "ಹಂಗಾರ ಕಡೀ ಮನಿಯಾಕಿಗೆ ಕೇಳಾಂಗಿಲ್ರಿ" ಎಂದರು.

ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆದರೂ ಈ ವೇದಿಕೆ ಹತ್ತುವಾಗ ನಾನು ಏನನ್ನೂ ತೀರ್ಮಾನಿಸಿರಲಿಲ್ಲ. ಆಗ ಏನಾಯಿತೆಂದು ನೀವೇ ನೋಡಿದಿರಿ. ಈ ಮೈಕು ಕೀರಲಿಡುತ್ತಿತ್ತು. ಸನ್ಮಾನಿತರು ಸುಮ್ಮನೆ ಕುಳಿತುಕೊಳ್ಳಬೇಕೋ ಬೇಡವೋ? ಯಾಕೂಬಣ್ಣ ಶಾಲು ಸಮೇತ ಎದ್ದು ಬಂದು, ವೈರು ತಿರುವಿ, ಟೆಸ್ಟಿಂಗ್ ಅನ್ನುವ ಬದಲು ಬಾಯಿಗೆ ಬಂದದ್ದನ್ನು ಹೇಳಿದರು. "ಬಸ್ ಬಂತ್ರಿ. ಕೆಂಚವ್ವ ಹತ್ತಲಿಲ್ಲ." ಎರಡನೆಯ ಸಲ ಅವರು ಹೇಳಲೇ ಇಲ್ಲ. ನೀವು ಹೇಳಿದಿರಿ. ಈ ಸಭಾಂಗಣ ಪೂರ್ತಿ, ಹಿಂದೆ ಗೋಡೆಗೆ ಆತು ನಿಂತಿರುವವರೂ ಸೇರಿ, "ಕೆಂಚವ್ವ ಹತ್ತಲಿಲ್ಲ" ಎಂದಿರಿ. ನಾನು ಕನ್ನಡಕ ಒರೆಸಿಕೊಂಡದ್ದು ಧೂಳಿಗೆ ಅಲ್ಲ.

ಅದು ನನ್ನ ವಾಕ್ಯ, ಸಭಿಕರೇ. ಬಸ್ಸಿನ ಕಿಟಕಿಗೆ ಮೊಣಕೈ ಊರಿ ನಾನು ಬರೆದ ವಾಕ್ಯ. ಅದನ್ನು ನಿಮ್ಮ ಬಾಯಿಗೆ ತಂದವರು ಇವರು. ಯಾರ ಕಥೆ ಎಂದು ನಾನು ಇನ್ನು ಯಾರ ಹತ್ತಿರವೂ ಜಗಳ ಮಾಡುವುದಿಲ್ಲ. ನನ್ನ ಜೇಬಿನಲ್ಲಿ ಫೋನು ಆಗಿನಿಂದ ನಡುಗುತ್ತಿದೆ, ಮೇಡಂ ಅವರೇ ಇರಬೇಕು. ಇಲ್ಲಿಂದ ಇಳಿದ ಕೂಡಲೇ ಅವರಿಗೆ ಇಲ್ಲ ಎನ್ನುತ್ತೇನೆ. ಬಹಳ ಒಳ್ಳೆಯವರು, ಅವರಿಗೆ ಒಳ್ಳೆಯದಾಗಲಿ. ಯಾಕೂಬಣ್ಣ, ಕೌದಿ ನಾಳೆ ವಾಪಸ್ ತರುತ್ತೇನೆ. ಎರಡನೆಯ ಕಾದಂಬರಿ ಅರ್ಧ ಆಗಿದೆ, ಅದರಲ್ಲೂ ಬಸ್ಸು ಇದೆ.

ಮುಗಿಸುತ್ತೇನೆ, ನಿರೂಪಕರು ಎದ್ದು ನಿಂತುಬಿಟ್ಟರು. ಇವತ್ತು ಇಲ್ಲಿಗೆ ಬರುವಾಗ ಅದೇ ಆಟೋದಲ್ಲಿ ಬಂದೆವು. ದಾರಿಯಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ, "ಯಾಕೂಬಣ್ಣ, ನಾ ಖರೇನ ಹೋದ ದಿನ ಏನಂತ ಕೂಗತಿ?" ಆಗಿನ್ನೂ ನಾನು ಅವರ ದನಿಯನ್ನು ಬಿಟ್ಟು ಕಥೆಯನ್ನು ಬೆಂಗಳೂರಿಗೆ ಮಾರಿದವನೇ, ಅವರ ಲೆಕ್ಕದಲ್ಲಿ. ಅವರು ರಸ್ತೆ ನೋಡುತ್ತಲೇ ಹೇಳಿದರು. "ನಿವೃತ್ತ ಗುಮಾಸ್ತರು ಅಂತ ಒಂದ ಸಲ ಹೇಳ್ತೀನ್ರಿ. ಕಾದಂಬರಿಕಾರರು ಅಂತ ಎರಡ ಸಲ ಹೇಳ್ತೀನ್ರಿ."

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆ, ಕರೆದು ಕೂರಿಸಿದ ಬಳಗಕ್ಕೆ, ಕೌದಿ ಹೊಲಿದ ಸುಮನ ಅವರಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಯ ಹತ್ತಿರ ನಿಂತವರಿಗೆ ಕೇಳಿಸಿತೋ ಇಲ್ಲವೋ. ನಮಸ್ಕಾರ.